ಕೆಂಪು ಬಾಟಲಿಯಲ್ಲಿರುವುದು ಬ್ಯಾಕ್ಟೀರಿಯಾವೋ ಬರೀ ಬಣ್ಣವೋ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುತ್ತೇನೆ. ತಿಕೋಟಾ ಬಳಿ ನಮ್ಮ ಅಣ್ಣನ ದ್ರಾಕ್ಷಿ ತೋಟವಿದೆ. ‘ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯಾ, ಪಿಎಸ್‌ಬಿ’ ಎಂದು ಬರೆದ ಕೆಂಪು ದ್ರಾವಣವನ್ನು ಅವನು ಕೊಂಡು ತಂದು ಬಳ್ಳಿಗಳಿಗೆ ಹಾಕುತ್ತಿದ್ದಾನೆ. ಅದು ಬೇರಿಗೆ ಆಮ್ಲಜನಕ ಕೊಡುತ್ತದೆ ಎಂದು ಚೀಟಿಯಲ್ಲಿದೆ. ಈಗ ಗೆಳೆಯನೊಬ್ಬ ಕೊಟ್ಟ ಹೆಪ್ಪಿನಿಂದ, ಮೊಟ್ಟೆ ಮತ್ತು ಟೇಸ್ಟಿಂಗ್ ಪೌಡರ್ ಬೆರೆಸಿ ಬಿಸಿಲಿಗಿಟ್ಟು, ಮನೆಯಲ್ಲೂ ಅದನ್ನು ತಯಾರಿಸಿದ್ದಾನೆ. ಯಾವ ತರಂಗಾಂತರದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಎಂದು ಅಳೆಯುವ ಕಾಲೇಜಿನ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಎರಡನ್ನೂ 350ರಿಂದ 1000 ನ್ಯಾನೊಮೀಟರ್‌ವರೆಗೆ ನೋಡಿದೆ. ಕೊಂಡ ಬಾಟಲಿಯಲ್ಲಿ 510ರ ಹತ್ತಿರ ಒಂದೇ ನುಣುಪಾದ ಶಿಖರ, ಅದರಾಚೆ ಏನೂ ಇಲ್ಲ. ಮನೆಯದರಲ್ಲಿ 805 ಮತ್ತು 860ರಲ್ಲಿ ಎರಡು ಶಿಖರ, 590ರಲ್ಲಿ ಸಣ್ಣದೊಂದು. ರೇಖೆ ಎಡಕ್ಕೆ ಹೋದಂತೆ ಏರುತ್ತಲೇ ಇರುತ್ತದೆ. ಅಸಿಟೋನ್–ಮೆಥನಾಲ್‌ನಲ್ಲಿ ಬಣ್ಣ ಇಳಿಸಿ ನೋಡಿದರೆ 805, 860 ಎರಡೂ ಮಾಯ! 770ರಲ್ಲಿ ಹೊಸ ಶಿಖರ, 665ರಲ್ಲಿ ಒಂದು ಉಬ್ಬು. ನಾನು ಮಾದರಿಯನ್ನು ಕೆಡಿಸಿದೆನೇ? ಉಪಕರಣದಲ್ಲಿ ದೋಷವಿದೆಯೇ? ಶಿಖರ ಎತ್ತರವಾದಷ್ಟೂ ದ್ರಾವಣ ಒಳ್ಳೆಯದು ಎಂದು ಅಣ್ಣನಿಗೆ ಹೇಳಬಹುದೇ?

ಉತ್ತರ: ನೀವು ಏನನ್ನೂ ಕೆಡಿಸಿಲ್ಲ. ನಿಮ್ಮನ್ನು ಗಾಬರಿಗೊಳಿಸಿದ ಸಂಗತಿ, ಅಂದರೆ 860ರ ಶಿಖರ ಮಾಯವಾಗಿ 770ರಲ್ಲಿ ಹೊಸದು ಹುಟ್ಟಿದ್ದು, ನಿಮ್ಮ ಅಣ್ಣನ ಮನೆಯ ಬಾಟಲಿಯಲ್ಲಿ ನೇರಳೆ ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯಾ ಇದೆ ಎಂಬುದಕ್ಕೆ ಸಿಗಬಹುದಾದ ಅತ್ಯುತ್ತಮ ಪುರಾವೆ. ಒಂದೇ ಅಳತೆಯಲ್ಲಿ ಈ ಖಾತ್ರಿ ಸಿಗುತ್ತಿರಲಿಲ್ಲ. ಕೋಶ ಇಡಿಯಾಗಿದ್ದಾಗ ಒಮ್ಮೆ, ಬಣ್ಣ ಇಳಿಸಿದ ಮೇಲೆ ಇನ್ನೊಮ್ಮೆ ಅಳೆದಿದ್ದರಿಂದಲೇ ಸಿಕ್ಕಿತು. ಶಿಖರದ ಎತ್ತರದ ಪ್ರಶ್ನೆ ಬೇರೆ. ಅದಕ್ಕೆ ನನ್ನ ಉತ್ತರ ನಿಮ್ಮ ಅಣ್ಣನಿಗೆ ಅಷ್ಟು ಹಿಡಿಸಲಾರದು.

ಮೊದಲು ಕೆಂಪಿನ ವಿಚಾರ. ಬಾಟಲಿ ಎಷ್ಟು ಕೆಂಪಗಿದೆ ಎನ್ನುವುದರ ಮೇಲೆಯೇ ರೈತರೂ ಮಾರುವವರೂ ತೀರ್ಪು ಕೊಡುತ್ತಾರೆ. ಆದರೆ ಕಣ್ಣಿಗೆ ಕಾಣುವ ಆ ಕೆಂಪು ಕ್ಯಾರೊಟಿನಾಯ್ಡ್‌ಗಳೆಂಬ ವರ್ಣದ್ರವ್ಯಗಳದ್ದು. ಅವು ಸುಮಾರು 450ರಿಂದ 550 ನ್ಯಾನೊಮೀಟರ್ ನಡುವಿನ ನೀಲಿ–ಹಸಿರು ಬೆಳಕನ್ನು ಹೀರುತ್ತವೆ, ಉಳಿದದ್ದು ನಮಗೆ ಕೆಂಪಾಗಿಯೋ ಕಂದಾಗಿಯೋ ಕಾಣುತ್ತದೆ. ದ್ಯುತಿಸಂಶ್ಲೇಷಣೆಯ ಮುಖ್ಯ ವರ್ಣದ್ರವ್ಯವಾದ ಬ್ಯಾಕ್ಟೀರಿಯೊಕ್ಲೋರೊಫಿಲ್ ತನ್ನ ಪ್ರಬಲ ಗುರುತನ್ನು ಬಿಡುವುದು ಅವಕೆಂಪಿನಲ್ಲಿ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ. 1883ರಲ್ಲಿ ಯುಟ್ರೆಕ್ಟ್‌ನ ವಿಜ್ಞಾನಿ ಎಂಗೆಲ್ಮನ್ ಸೂಕ್ಷ್ಮದರ್ಶಕದಡಿ ಬೆಳಕಿನ ರೋಹಿತವನ್ನು ಹರಡಿ ಈ ಜೀವಿಗಳನ್ನು ಬಿಟ್ಟಾಗ, ಅವು ಕೆಂಪಿನಾಚೆಯ ಕತ್ತಲಲ್ಲಿ ಗುಂಪುಗೂಡಿದವು. ಯಾವ ಬೆಳಕು ತಮಗೆ ಬೇಕೆಂದು ಬ್ಯಾಕ್ಟೀರಿಯಾಗಳೇ ತೋರಿಸಿಕೊಟ್ಟವು ಅನ್ನಿ. ಹಾಗಾಗಿ 700ಕ್ಕೇ ನಿಲ್ಲುವ ಹಳೆಯ ಕಲರಿಮೀಟರ್‌ನಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನೀವು 1000ದವರೆಗೆ ಹೋದದ್ದು ಒಳ್ಳೆಯದಾಯಿತು.

ಕೆಂಪು ಇದ್ದ ಮಾತ್ರಕ್ಕೆ ದ್ಯುತಿಸಂಶ್ಲೇಷಕವಲ್ಲ. 2020ರ ಜೂನ್‌ನಲ್ಲಿ ಮಹಾರಾಷ್ಟ್ರದ ಲೋಣಾರ್ ಸರೋವರ ಗುಲಾಬಿಯಾದಾಗ, ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ ಅದಕ್ಕೆ ಕಾರಣವೆಂದು ಗುರುತಿಸಿದ್ದು ಉಪ್ಪಿನಲ್ಲಿ ಬೆಳೆಯುವ ಆರ್ಕಿಯಾಗಳನ್ನು, ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿಗೆ ಸೇರಿದ ಸೂಕ್ಷ್ಮಜೀವಿಗಳನ್ನು. ಅವುಗಳಲ್ಲಿ ಕ್ಲೋರೊಫಿಲ್ಲೇ ಇರುವುದಿಲ್ಲ. ಮಾತು ಇನ್ನೊಂದು ಕಡೆಯಿಂದಲೂ ನಿಜ: ಅಪ್ಪಟ ದ್ಯುತಿಸಂಶ್ಲೇಷಕ ಬ್ಯಾಕ್ಟೀರಿಯಾ ಕೆಂಪಾಗಿಯೇ ಇರಬೇಕೆಂದೇನಿಲ್ಲ. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ರೋಡೊಬ್ಯಾಕ್ಟರ್ ಸ್ಫೆರಾಯ್ಡಿಸ್ ಗಾಳಿಯಿಲ್ಲದೆ ಬೆಳೆದಾಗ ಹಸಿರು ಮಿಶ್ರಿತ ಕಂದು ಬಣ್ಣದ್ದು. ಸ್ವಲ್ಪ ಗಾಳಿಯಾಡಿದರೆ ಅದರ ಸ್ಫೆರಾಯ್ಡೀನ್ ಎಂಬ ಕ್ಯಾರೊಟಿನಾಯ್ಡ್ ಸ್ಫೆರಾಯ್ಡಿನೋನ್ ಆಗಿ ಬದಲಾಗುತ್ತದೆ, ಇಡೀ ಬಾಟಲಿ ಕೆಂಪೇರುತ್ತದೆ. ಮುಚ್ಚಳ ಸಡಿಲವಾಗಿತ್ತು ಎಂಬುದಷ್ಟೇ ಆ ಕೆಂಪಿನ ಅರ್ಥ.

ಈಗ 860 ಯಾಕೆ 770 ಆಯಿತು ಎಂಬುದಕ್ಕೆ ಬರುತ್ತೇನೆ. ರಸಾಯನಶಾಸ್ತ್ರದವರಾದ ನಿಮಗೆ ಇದು ಇಷ್ಟವಾಗುವ ಭಾಗ. ಬ್ಯಾಕ್ಟೀರಿಯೊಕ್ಲೋರೊಫಿಲ್ ‘ಎ’ ಅಣು ದ್ರಾವಕದಲ್ಲಿ ಒಂಟಿಯಾಗಿರುವಾಗ 770ರ ಸುತ್ತ ಹೀರುತ್ತದೆ. ಕೋಶದೊಳಗೆ ಅದು ಒಂಟಿಯಾಗಿರುವುದಿಲ್ಲ, ಪೊರೆಯಲ್ಲಿರುವ ಪ್ರೋಟೀನಿನೊಳಗೆ ಸಾಲಾಗಿ ಕೂತಿರುತ್ತದೆ. 1995ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಇಂಥದೇ ಒಂದು ನೇರಳೆ ಬ್ಯಾಕ್ಟೀರಿಯಾದ ಬೆಳಕು ಹಿಡಿಯುವ ಸಂಕೀರ್ಣದ ರಚನೆಯನ್ನು ಎಕ್ಸ್-ಕಿರಣಗಳಿಂದ ಬಿಡಿಸಿ ತೋರಿಸಿದರು. ಅದೊಂದು ಉಂಗುರ. ಅದರಲ್ಲಿ 18 ಬ್ಯಾಕ್ಟೀರಿಯೊಕ್ಲೋರೊಫಿಲ್ ಅಣುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಪಕ್ಕಪಕ್ಕದ ಎರಡರ ನಡುವೆ ಒಂದು ನ್ಯಾನೊಮೀಟರ್‌ನಷ್ಟೂ ಅಂತರವಿಲ್ಲ. ಅಷ್ಟು ಹತ್ತಿರ ಬಂದಾಗ ಬೆಳಕು ಕೊಟ್ಟ ಶಕ್ತಿ ಒಂದೇ ಅಣುವಿನ ಸ್ವತ್ತಾಗಿ ಉಳಿಯುವುದಿಲ್ಲ, ಹಲವು ಅಣುಗಳ ಮೇಲೆ ಹರಡಿಕೊಳ್ಳುತ್ತದೆ, ಅವು ಹೀರುವ ಬೆಳಕಿನ ಶಕ್ತಿಮಟ್ಟ ಕೆಳಗಿಳಿಯುತ್ತದೆ. ಅದರಿಂದ ಶಿಖರ 850–860ರತ್ತ ಸರಿಯುತ್ತದೆ. ಇನ್ನೂ 9 ಅಣುಗಳು ಸಾಕಷ್ಟು ದೂರ ದೂರ ಬೇರೆಯಾಗಿ ಕೂತಿವೆ. ಅವುಗಳದ್ದೇ 800ರ ಶಿಖರ. ನೀವು ಅಸಿಟೋನ್–ಮೆಥನಾಲ್ ಹಾಕಿದಾಗ ಪ್ರೋಟೀನು ಮುದುಡಿತು, 27 ಅಣುಗಳೂ ಚದುರಿ ಒಂಟಿಯಾದವು, ಎರಡು ಶಿಖರಗಳ ಜಾಗದಲ್ಲಿ 770ರ ಒಂದೇ ಶಿಖರ ನಿಂತಿತು. 590ರಲ್ಲಿ ನೀವು ಕಂಡ ಸಣ್ಣದೂ ಇದೇ ಅಣುವಿನದು. ನೇರಳಾತೀತದ ಅಂಚಿನಲ್ಲಿ, 375ರ ಹತ್ತಿರ, ಇದರ ಇನ್ನೊಂದು ಗುರುತು ಇರುತ್ತದೆ.

805, 860 ಎಂಬ ಜೋಡಿಯನ್ನು ನೋಡಿದರೆ ರೋಡೊಸ್ಯೂಡೊಮೊನಾಸ್ ಪಲುಸ್ಟ್ರಿಸ್ ಎಂಬ ನೇರಳೆ ಬ್ಯಾಕ್ಟೀರಿಯಾ ನೆನಪಾಗುತ್ತದೆ. ಆದರೆ ರೋಹಿತ ನೋಡಿ ಪ್ರಭೇದದ ಹೆಸರು ಬರೆಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಗುಂಪು ತಿಳಿಯುತ್ತದೆ, ಅಷ್ಟೇ. ಹೆಸರು ಬೇಕಿದ್ದರೆ ಬ್ಯಾಕ್ಟೀರಿಯಾಗಳ ಗುರುತಿಗೆ ಬಳಸುವ 16ಎಸ್ ಆರ್‌ಎನ್‌ಎ ಜೀನಿನ ಅನುಕ್ರಮವನ್ನೇ ನೋಡಬೇಕು.

ಕೊಂಡ ಬಾಟಲಿಯ ವಿಚಾರ. 510ರಲ್ಲಿ ಒಂದೇ ದುಂಡು ಶಿಖರ, ಅವಕೆಂಪಿನಲ್ಲಿ ಮೌನ. ಕ್ಯಾರೊಟಿನಾಯ್ಡ್ ರೇಖೆ ಸಾಮಾನ್ಯವಾಗಿ ಹೀಗಿರುವುದಿಲ್ಲ; ಅದರಲ್ಲಿ ಮೂರು ಏರಿಳಿತಗಳು ಬೆರಳಿಟ್ಟಂತೆ ಕಾಣುತ್ತವೆ. ಮಿಠಾಯಿ, ಶರಬತ್ತಿಗೆ ಹಾಕುವ ಕೆಂಪು ಬಣ್ಣಗಳಾದ ಪಾನ್ಸೊ 4ಆರ್, ಕಾರ್ಮೊಯಿಸಿನ್ 505ರಿಂದ 520ರ ನಡುವೆ ಹೀಗೆಯೇ ಒಂದು ನುಣುಪಾದ ಗುಡ್ಡ ಕೊಡುತ್ತವೆ. ಆದರೂ ಇಷ್ಟಕ್ಕೇ ‘ಮೋಸ’ ಎಂದು ಕೂಗುವುದು ಬೇಡ. ಹತ್ತು ಮಿಲಿಲೀಟರ್ ದ್ರಾವಣವನ್ನು ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿ ನೋಡಿ. ಬಣ್ಣ ಕೋಶಗಳದ್ದಾದರೆ ತಳದಲ್ಲಿ ಕೆಂಪು ಗಸಿ ಕೂರುತ್ತದೆ, ಮೇಲಿನ ನೀರು ಹೆಚ್ಚುಕಡಿಮೆ ತಿಳಿಯಾಗುತ್ತದೆ. ಬಣ್ಣ ಬೆರೆಸಿದ್ದಾದರೆ ಎಷ್ಟು ತಿರುಗಿಸಿದರೂ ನೀರು ಕೆಂಪಾಗಿಯೇ ಉಳಿಯುತ್ತದೆ. ಈ ಪರೀಕ್ಷೆಗೆ ಸ್ಪೆಕ್ಟ್ರೋಫೋಟೋಮೀಟರೂ ಬೇಕಿಲ್ಲ. ಕೋಶಗಳು ಸತ್ತು ಒಡೆದಿದ್ದರೂ ಮೇಲಿನ ನೀರಿನಲ್ಲಿ ಸ್ವಲ್ಪ ಬಣ್ಣ ಉಳಿದೀತು. ಆಗ ಆ ನೀರಿನ ರೇಖೆಯಲ್ಲೂ 800ರ ಆಚೆಗೆ ಏನಾದರೂ ಕಾಣಬೇಕು.

ಇನ್ನೊಂದು ಸಾಧ್ಯತೆಯನ್ನು ಮರೆಯಬೇಡಿ. ಕೃಷಿಯಲ್ಲಿ ‘ಪಿಎಸ್‌ಬಿ’ ಎಂದರೆ ಬಹುಕಾಲದಿಂದ ರಂಜಕವನ್ನು ಕರಗಿಸುವ ಬ್ಯಾಕ್ಟೀರಿಯಾ ಎಂದೇ ರೂಢಿ. ಅದಕ್ಕೂ ದ್ಯುತಿಸಂಶ್ಲೇಷಣೆಗೂ ಸಂಬಂಧವಿಲ್ಲ, ಅದರಲ್ಲಿ 860ರ ಶಿಖರ ಇರಬಾರದು. ಒಂದರ ಚೀಟಿ ಇನ್ನೊಂದರ ಬಾಟಲಿಗೆ ಅಂಟಿರುವ ಸಂಭವವೂ ಉಂಟು. ಆದರೆ ರಂಜಕ ಕರಗಿಸುವ ಬ್ಯಾಕ್ಟೀರಿಯಾಕ್ಕೆ ಕೆಂಪು ಬಣ್ಣ ಯಾಕೆ ಎಂದು ಮಾರಿದವರನ್ನು ಕೇಳುವ ಹಕ್ಕು ನಿಮ್ಮ ಅಣ್ಣನಿಗೆ ಇದ್ದೇ ಇದೆ.

ಬೇರಿಗೆ ಆಮ್ಲಜನಕ ಕೊಡುತ್ತದೆ ಎನ್ನುವುದು ಮಾತ್ರ ಶುದ್ಧ ಸುಳ್ಳು. ನೀರನ್ನು ಒಡೆದು ಆಮ್ಲಜನಕ ಬಿಡುವುದು ಸಸ್ಯ, ಪಾಚಿ ಮತ್ತು ಸಯನೊಬ್ಯಾಕ್ಟೀರಿಯಾಗಳ ಕೆಲಸ. ನೇರಳೆ ಬ್ಯಾಕ್ಟೀರಿಯಾಗಳು ನೀರಿನ ಬದಲು ಹೈಡ್ರೋಜನ್ ಸಲ್ಫೈಡನ್ನೋ ಸಾವಯವ ಆಮ್ಲಗಳನ್ನೋ ಬಳಸುತ್ತವೆ ಎಂಬುದನ್ನು ಸೂಕ್ಷ್ಮಜೀವಿ ವಿಜ್ಞಾನಿ ವಾನ್ ನೀಲ್ 1931ರಲ್ಲೇ ವಿವರಿಸಿದ್ದಾರೆ. ಅವುಗಳಿಂದ ಆಮ್ಲಜನಕ ಬರುವುದಿಲ್ಲ. ಬದಲಿಗೆ ಆಮ್ಲಜನಕ ಹೆಚ್ಚಾದರೆ ಅವು ವರ್ಣದ್ರವ್ಯ ತಯಾರಿಸುವುದನ್ನೇ ನಿಲ್ಲಿಸುತ್ತವೆ.

ನಿಮ್ಮ ರೇಖೆ ಎಡಕ್ಕೆ ಹೋದಂತೆ ಏರುವುದು ಉಪಕರಣದ ತಪ್ಪಲ್ಲ. ಒಂದು ಮೈಕ್ರೊಮೀಟರ್ ಗಾತ್ರದ ಕೋಶಗಳು ಬೆಳಕನ್ನು ಹೀರುವುದರ ಜೊತೆಗೆ ಚದುರಿಸುತ್ತವೆ. ತರಂಗಾಂತರ ಕಡಿಮೆಯಾದಂತೆ ಚದುರಿಕೆ ಹೆಚ್ಚು. ಚದುರಿ ಹೋದ ಬೆಳಕನ್ನೂ ಉಪಕರಣ ‘ಹೀರಿಕೆ’ ಎಂದೇ ಲೆಕ್ಕ ಹಾಕುತ್ತದೆ. ಇದಕ್ಕೆ ಕೆಲವು ದಾರಿಗಳಿವೆ, ಯಾವುದೂ ಪುಕ್ಕಟೆಯಲ್ಲ. ನೀರು ಬೆರೆಸಿ ತೆಳುವಾಗಿಸಿದರೆ ಚದುರಿಕೆ ತಗ್ಗುತ್ತದೆ, ಆದರೆ ಶಿಖರವೂ ಅದೇ ಪ್ರಮಾಣದಲ್ಲಿ ತಗ್ಗಿ ಉಪಕರಣದ ಗದ್ದಲದಲ್ಲಿ ಮುಳುಗಬಹುದು. ಕುವೆಟ್‌ನ, ಅಂದರೆ ಅಳೆಯಲು ದ್ರಾವಣ ತುಂಬುವ ಚಿಕ್ಕ ಪಾತ್ರೆಯ, ಹಿಂದೆ ಹಾಲುಗಾಜು ಇಡುವುದು ಶಿಬಾಟಾ ಮತ್ತು ಸಂಗಡಿಗರು 1954ರಲ್ಲಿ ಪ್ರಕಟಿಸಿದ ಉಪಾಯ. ಹಾಲುಗಾಜು ಇಲ್ಲದಿದ್ದರೆ ಎಣ್ಣೆ ಸವರಿದ ಫಿಲ್ಟರ್ ಕಾಗದವೂ ಆದೀತು, ಹೋಲಿಕೆಯ ಕುವೆಟ್‌ಗೂ ಅದನ್ನೇ ಇಡಬೇಕು. ಅದು ಬಹಳಷ್ಟು ಬೆಳಕನ್ನು ತಿಂದುಹಾಕುವುದರಿಂದ ಹಳೆಯ ದೀಪದ ಉಪಕರಣದಲ್ಲಿ ರೇಖೆ ನಡುಗುತ್ತದೆ. ಶಬ್ದತರಂಗದಿಂದ ಕೋಶ ಒಡೆದು ಪೊರೆಗಳನ್ನಷ್ಟೇ ಬೇರ್ಪಡಿಸುವುದು ಎಲ್ಲಕ್ಕಿಂತ ಚೊಕ್ಕ, ಆದರೆ ಪದವಿ ಕಾಲೇಜಿನಲ್ಲಿ ಆ ಸಲಕರಣೆ ಎಲ್ಲಿ ಬರಬೇಕು?

ನಾನು ಸೂಚಿಸುವುದು ಸಕ್ಕರೆಯ ದಾರಿ. 3.5 ಮಿಲಿಲೀಟರ್ ದ್ರಾವಣದಲ್ಲಿ 5 ಗ್ರಾಂ ಸುಕ್ರೋಸನ್ನು ನಿಧಾನವಾಗಿ ಕರಗಿಸಿ. ಸುತ್ತಲಿನ ದ್ರವದ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಪ್ರಮಾಣ) ಕೋಶದ್ದಕ್ಕೆ ಹತ್ತಿರವಾಗುತ್ತದೆ, ಚದುರಿಕೆ ಗಣನೀಯವಾಗಿ ಇಳಿಯುತ್ತದೆ. ಶೂನ್ಯಕ್ಕೆ ಹೊಂದಿಸಲೂ ಅಷ್ಟೇ ಸಕ್ಕರೆ ಬೆರೆಸಿದ, ಬ್ಯಾಕ್ಟೀರಿಯಾ ಇಲ್ಲದ ದ್ರವವನ್ನೇ ಬಳಸಬೇಕು. ಕರಗಿಸುವಾಗ ಜೋರಾಗಿ ಅಲ್ಲಾಡಿಸಿದರೆ ಗುಳ್ಳೆಗಳು ಕೂತು ಮತ್ತೆ ಚದುರಿಕೆ ತರುತ್ತವೆ. ಕರಗಿದ ಮೇಲೆ ಹತ್ತು ನಿಮಿಷ ಬಿಡಿ. ನಮ್ಮ ಸೀಮೆಯಲ್ಲಿ ಸಕ್ಕರೆಗೆ ಬರವಿಲ್ಲವೆಂದು ಅಡುಗೆಮನೆಯ ಡಬ್ಬಿಗೆ ಕೈಹಾಕಬೇಡಿ, ಅದರ ದೂಳೂ ತಿಳಿಹಳದಿ ಛಾಯೆಯೂ ರೇಖೆಯಲ್ಲಿ ಬಂದು ಕೂರುತ್ತವೆ. ಪ್ರಯೋಗಾಲಯದ ಶುದ್ಧ ಸುಕ್ರೋಸೇ ಬೇಕು.

ಉಪಕರಣದ ಬಗ್ಗೆ ಇನ್ನೂ ಸಂಶಯವಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಖಾಲಿ ಕುವೆಟ್‌ಗೆ ಶೂನ್ಯ ಹೊಂದಿಸಿ ಬರೀ ಭಟ್ಟಿ ನೀರನ್ನು 900ರಿಂದ 1000ದವರೆಗೆ ನೋಡಿ. 970ರಿಂದ 980ರ ನಡುವೆ ನೀರಿನದೇ ಒಂದು ಸಣ್ಣ ದಿಬ್ಬ ಕಾಣಬೇಕು. ಕಂಡರೆ ಅವಕೆಂಪಿನ ತುದಿಯಲ್ಲಿ ಉಪಕರಣ ದಾರಿ ತಪ್ಪಿಲ್ಲ ಎಂದರ್ಥ.

ಬಣ್ಣ ಇಳಿಸುವಾಗಿನ ಎಚ್ಚರಗಳು ಕೆಲವು. ಪಾಲಿಸ್ಟೈರಿನ್ ಪ್ಲಾಸ್ಟಿಕ್ ಕುವೆಟ್‌ಗೆ ಅಸಿಟೋನ್ ಹಾಕಿದರೆ ಅದು ಕರಗಿ ಮಂಜಾಗುತ್ತದೆ, ಗಾಜಿನದೇ ಬಳಸಿ. ಮೆಥನಾಲ್ ವಿಷ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಅಸಿಟೋನ್‌ಗೆ ಕಿಡಿ ಸಾಕು. ಗಸಿಯನ್ನು ಮೊದಲು ತೊಳೆದುಕೊಳ್ಳಿ, ಏಕೆಂದರೆ ಹುಳಿ ಉಳಿದಿದ್ದರೆ ಅಣುವಿನ ನಡುವಿನ ಮೆಗ್ನೀಸಿಯಂ ಕಳಚಿ ಬ್ಯಾಕ್ಟೀರಿಯೊಫಿಯೊಫೈಟಿನ್ ಆಗುತ್ತದೆ, ಶಿಖರ 750ರತ್ತ ಜಾರುತ್ತದೆ, 525ರಲ್ಲಿ ಹೊಸದೊಂದು ಹುಟ್ಟುತ್ತದೆ. ಕೆಲಸವೆಲ್ಲ ಮಂದ ಬೆಳಕಿನಲ್ಲಿ ಆಗಲಿ. ಬೆಳಕು ಮತ್ತು ಗಾಳಿ ಎರಡೂ ಸೇರಿದರೆ ವರ್ಣದ್ರವ್ಯ ಉತ್ಕರ್ಷಣಗೊಂಡು 680ರ ಆಸುಪಾಸಿನಲ್ಲಿ ಒಂದು ಉಬ್ಬು ಬರುತ್ತದೆ. ಅದನ್ನು ಪಾಚಿಯೆಂದು ತಿಳಿದು ಗೊಂದಲಕ್ಕೆ ಬಿದ್ದವರನ್ನು ನಾನು ಕಂಡಿದ್ದೇನೆ.

ನಿಮ್ಮ ಉಬ್ಬು ಇರುವುದು 665ರಲ್ಲಿ, ಹಾಗಾಗಿ ಅದು ನಿಜಕ್ಕೂ ಪಾಚಿಯೇ ಇರಬೇಕು ಎಂಬುದು ನನ್ನ ಅಂದಾಜು. ದ್ರಾವಕದಲ್ಲಿ ಕ್ಲೋರೊಫಿಲ್ ‘ಎ’ ಅಲ್ಲಿಯೇ ಹೀರುತ್ತದೆ. ಆದರೆ ಹಸಿರು ಗಂಧಕ ಬ್ಯಾಕ್ಟೀರಿಯಾದ ಬ್ಯಾಕ್ಟೀರಿಯೊಕ್ಲೋರೊಫಿಲ್ ‘ಸಿ’ ಕೂಡ ದ್ರಾವಕದಲ್ಲಿ ಬಹುತೇಕ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಇವೆರಡನ್ನು ಬೇರ್ಪಡಿಸಲು ಮತ್ತೆ ಇಡೀ ಕೋಶದ ರೇಖೆಗೇ ಹೋಗಬೇಕು: ಪಾಚಿಯಾದರೆ 675–680ರಲ್ಲಿ, ಹಸಿರು ಗಂಧಕ ಬ್ಯಾಕ್ಟೀರಿಯಾ ಆದರೆ 745–750ರಲ್ಲಿ ಶಿಖರ ಸಿಗುತ್ತದೆ. ತಾರಸಿಯ ಮೇಲಿಟ್ಟ ಬಾಟಲಿಗೆ ಪಾಚಿ ನುಗ್ಗುವುದು ದೊಡ್ಡ ಸಂಗತಿಯೇನಲ್ಲ, ಆದರೆ ಅದು ಬಿಡುವ ಆಮ್ಲಜನಕ ನಿಮಗೆ ಬೇಕಾದ ಬ್ಯಾಕ್ಟೀರಿಯಾವನ್ನು ಹಿಂದಕ್ಕೆ ತಳ್ಳುತ್ತದೆ.

ಎಷ್ಟಿದೆ ಎಂಬ ಲೆಕ್ಕ ನಿಮಗೆ ನೀರು ಕುಡಿದಷ್ಟು ಸುಲಭ. ಅಸಿಟೋನ್ 7 ಭಾಗ, ಮೆಥನಾಲ್ 2 ಭಾಗದ ಮಿಶ್ರಣದಲ್ಲಿ 770ಕ್ಕೆ ಮಿಲಿಮೋಲಾರ್ ಹೀರಿಕೆ ಗುಣಾಂಕ 76 ಎಂದು ಹಿಡಿಯುವುದು ವಾಡಿಕೆ. ಒಂದು ಮಿಲಿಲೀಟರ್ ದ್ರಾವಣದ ಗಸಿಯನ್ನು ಎರಡು ಮಿಲಿಲೀಟರ್ ಮಿಶ್ರಣದಲ್ಲಿ ಇಳಿಸಿ, ಒಂದು ಸೆಂಟಿಮೀಟರ್ ಕುವೆಟ್‌ನಲ್ಲಿ 0.38 ಓದಿದಿರಿ ಎಂದುಕೊಳ್ಳಿ. 0.38 ಭಾಗಿಸು 76, ಅಂದರೆ 5 ಮೈಕ್ರೊಮೋಲಾರ್. ಅಣುತೂಕ 911.5ರಿಂದ ಗುಣಿಸಿದರೆ ಮಿಲಿಲೀಟರಿಗೆ ಸುಮಾರು 4.6 ಮೈಕ್ರೊಗ್ರಾಂ, ಮೂಲ ದ್ರಾವಣದಲ್ಲಿ ಅದರ ಎರಡರಷ್ಟು. 850ರಲ್ಲಿ ಏನಾದರೂ ಅಂಕಿ ಉಳಿದಿದ್ದರೆ ಅದು ಕಲ್ಮಷದ್ದು, ಮೊದಲೇ ಕಳೆದುಬಿಡಿ.

ಆದರೆ ಇದು ವರ್ಣದ್ರವ್ಯದ ಲೆಕ್ಕ, ಬ್ಯಾಕ್ಟೀರಿಯಾದ ಲೆಕ್ಕವಲ್ಲ. ಇಲ್ಲಿಯೇ ನಿಮ್ಮ ಅಣ್ಣನ ನಂಬಿಕೆಗೆ ಪೆಟ್ಟು ಬೀಳುವುದು. ಬೆಳಕು ಕಡಿಮೆಯಾದಾಗ ಈ ಜೀವಿಗಳು ಪ್ರತಿ ಕೋಶದಲ್ಲೂ ಬೆಳಕು ಹಿಡಿಯುವ ಸಂಕೀರ್ಣಗಳನ್ನು ಹೆಚ್ಚು ತುಂಬಿಕೊಳ್ಳುತ್ತವೆ. ಮಂದ ಬೆಳಕಿನಲ್ಲಿ ಬೆಳೆದ ಬಾಟಲಿ ಗಾಢವಾಗಿ ಕಂಡರೂ ಅದರಲ್ಲಿ ಕೋಶಗಳು ಕಡಿಮೆ ಇರಬಹುದು, ಪ್ರಖರ ಬೆಳಕಿನದು ತೆಳುವಾಗಿ ಕಂಡರೂ ಹೆಚ್ಚಿರಬಹುದು. ಕೋಶಗಳ ಅಂದಾಜಿಗೆ 660ರ ಓದು ನೋಡಿ. ಅಲ್ಲಿ ಬ್ಯಾಕ್ಟೀರಿಯೊಕ್ಲೋರೊಫಿಲ್ ಹೆಚ್ಚು ಹೀರುವುದಿಲ್ಲ, ಸಿಗುವ ಅಂಕಿ ಬಹುಪಾಲು ಚದುರಿಕೆಯದ್ದು. ಮೊಟ್ಟೆಯ ಚೂರುಗಳೂ ಪಾಚಿಯೂ ಆ ಅಂಕಿಯನ್ನು ಉಬ್ಬಿಸುತ್ತವೆ ಎಂಬುದು ನೆನಪಿರಲಿ.

ಜೀವ ಇದೆಯೇ ಎಂದು ಕೂಡ ರೋಹಿತ ಹೇಳುವುದಿಲ್ಲ. ಕೋಶ ಸತ್ತ ಮೇಲೂ ಪ್ರೋಟೀನು ಮುದುಡುವವರೆಗೆ 860ರ ಶಿಖರ ಹಾಗೆಯೇ ನಿಂತಿರುತ್ತದೆ. ಹೊಸ ಪೋಷಕ ದ್ರವಕ್ಕೆ ಸ್ವಲ್ಪ ಹೆಪ್ಪು ಹಾಕಿ, ಕಂಠದವರೆಗೆ ತುಂಬಿ, ಬೆಳಕಿನಲ್ಲಿಟ್ಟು, ದಿನಬಿಟ್ಟು ದಿನ 860ನ್ನು ಅಳೆಯಿರಿ. ಏರಿದರೆ ಜೀವವಿದೆ. ಒಳಗಿಟ್ಟು ಬೆಳೆಸುವುದಾದರೆ ಬಿಳಿ ಎಲ್‌ಇಡಿ ಬಲ್ಬ್ ನೆಚ್ಚಿಕೊಳ್ಳಬೇಡಿ, ಅದರಲ್ಲಿ 750ರಾಚೆ ಬೆಳಕು ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ತಂತಿ ಬಲ್ಬೇ ಮೇಲು. ಹೊರಗಿಟ್ಟರೆ ವಿಜಯಪುರದ ಏಪ್ರಿಲ್ ಬಿಸಿಲಿಗೆ ಬಾಟಲಿಯೊಳಗಿನ ನೀರು ಕಾದು ಎಲ್ಲವೂ ಸಾಯಬಹುದು. ಇವಕ್ಕೆ ಬೇಕಿರುವುದು 30 ಡಿಗ್ರಿಯ ಆಸುಪಾಸು, ಹಾಗಾಗಿ ಬೇಸಿಗೆಯಲ್ಲಿ ನೆರಳುಬಲೆಯ ಕೆಳಗಿಡಿ. ಒಳಗೆ ಅನಿಲ ಕೂಡಿರುತ್ತದೆ, ಮುಚ್ಚಳವನ್ನು ಮುಖದಿಂದ ದೂರ ಹಿಡಿದು ಸಾವಕಾಶ ತೆರೆಯಿರಿ.

ಇನ್ನು ತೋಟ. ಇವುಗಳಿಂದ ಬೆಳೆಗೆ ಲಾಭವಾಗಬಹುದೇ ಎಂಬ ಬಗ್ಗೆ ಸಂಶೋಧನೆಗಳು ನಡೆದಿವೆ. ಕೆಲವು ತಳಿಗಳು 5-ಅಮಿನೊಲೆವುಲಿನಿಕ್ ಆಮ್ಲವನ್ನು ಹೊರಬಿಡುತ್ತವೆ, ಅದಕ್ಕೆ ಸಸ್ಯಗಳು ಸ್ಪಂದಿಸುತ್ತವೆ. ನಿಮ್ಮ ಅಣ್ಣನ ಬಾಟಲಿಯಲ್ಲಿರುವ ತಳಿ ಅದನ್ನು ಮಾಡುತ್ತದೆಯೇ ಎಂದು 860ರ ಶಿಖರದಿಂದ ಹೇಳಲಾಗದು. ಅಪಾಯವನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ಹಸಿ ಮೊಟ್ಟೆ ಹಾಕಿ ಬಿಸಿಲಿಗಿಟ್ಟ ದ್ರವದಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳೂ, ಕೆಲವೊಮ್ಮೆ ಸಾಲ್ಮೊನೆಲ್ಲಾವೂ ಬೆಳೆಯಬಹುದು, ಅವುಗಳಿಗೆ ರೋಹಿತದಲ್ಲಿ ಯಾವ ಗುರುತೂ ಇಲ್ಲ. ಆದ್ದರಿಂದ ಗೊಂಚಲಿಗೆ ಸಿಂಪಡಿಸುವುದು ಬೇಡವೇ ಬೇಡ, ಅದರಲ್ಲೂ ಒಣದ್ರಾಕ್ಷಿಗೆ ಹೋಗುವ ಹಣ್ಣಿಗೆ. ಒಣಗಿಸಿದ ಮಾತ್ರಕ್ಕೆ ಆ ರೋಗಾಣುಗಳು ಸಾಯುತ್ತವೆಂಬ ಭರವಸೆಯಿಲ್ಲ. ಕೊಡುವುದೇ ಆದರೆ ಬುಡದ ಮಣ್ಣಿಗೆ ಕೊಡಲಿ. ಹನಿ ನೀರಾವರಿಯಲ್ಲಿ ಬಿಡುವ ಮೊದಲು ಬಟ್ಟೆಯಲ್ಲಿ ಸೋಸದಿದ್ದರೆ ತೂತುಗಳು ಕಟ್ಟಿಕೊಳ್ಳುತ್ತವೆ. ಬೋರ್ಡೊ ದ್ರಾವಣ ಹೊಡೆದ ಬೆನ್ನಲ್ಲೇ ಹಾಕಿದರೆ ತಾಮ್ರ ಇವನ್ನೂ ಕೊಲ್ಲುತ್ತದೆ. ಹೇಗೂ ಅವನು ಹಾಕುವುದನ್ನು ನಿಲ್ಲಿಸುವವನಲ್ಲ ಎಂದಾದರೆ, ಅದೇ ಮಣ್ಣು, ಅದೇ ವಯಸ್ಸಿನ ಬಳ್ಳಿಗಳ ನಾಲ್ಕು ಸಾಲುಗಳಿಗೆ ಈ ಹಂಗಾಮಿನಲ್ಲಿ ದ್ರಾವಣ ಹಾಕದೆ, ಅದರಲ್ಲಿರುವಷ್ಟೇ ಮೊಟ್ಟೆ ಮತ್ತು ಟೇಸ್ಟಿಂಗ್ ಪೌಡರನ್ನು ಮಾತ್ರ ಕೊಡಲು ಹೇಳಿ. ಇಳುವರಿ ಹೆಚ್ಚಿದರೆ ಅದು ಬ್ಯಾಕ್ಟೀರಿಯಾದ್ದೋ ಮೊಟ್ಟೆಯ ಸಾರಜನಕದ್ದೋ ಎಂದು ತಕ್ಕಡಿಯಲ್ಲಿ ತೂಗಿ ನೋಡಲಿ.